ಒಮ್ಮೆ ಸೂಜಿ ಹಾಕಿ ನೋಡಿದ ಮೇಲೆ ಮತ್ತೆ ದಪ್ಪ ಸೂಜಿ ಯಾಕೆ?

ಪ್ರಶ್ನೆ: ನಮ್ಮದು ಶನಿವಾರಸಂತೆ ಹತ್ತಿರದ ಊರು. ಅಮ್ಮನಿಗೆ 58 ವರ್ಷ. ಕಾಫಿ ಕುಯ್ಲಿನ ಹೊತ್ತಿಗೆ ಬಲ ಸ್ತನದಲ್ಲಿ ಗಂಟು ಕೈಗೆ ಸಿಕ್ಕಿತ್ತಂತೆ. ನೋವಿಲ್ಲವಲ್ಲ ಅಂತ ಕುಯ್ಲು ಮುಗಿಯುವವರೆಗೂ ಯಾರಿಗೂ ಹೇಳಲಿಲ್ಲ. ಮ್ಯಾಮೊಗ್ರಾಮ್, ಅಲ್ಟ್ರಾಸೌಂಡ್ ಆಯಿತು, 2.2 ಸೆಂ.ಮೀ. ಗಂಟು, ಸ್ಕ್ಯಾನಿನಲ್ಲಿ ಕ್ಯಾನ್ಸರ್ ಅನುಮಾನದ ಮಟ್ಟ ಬೈ-ರಾಡ್ಸ್ 4ಸಿ ಎಂದಿದೆ. ಎಫ್‌ಎನ್‌ಎಸಿ (ಸಣ್ಣ ಸೂಜಿಯಿಂದ ಜೀವಕೋಶ ತೆಗೆದು ನೋಡುವ ಪರೀಕ್ಷೆ) ಮಾಡಿಸಿದೆವು, ಮರುದಿನವೇ ರಿಪೋರ್ಟ್ ಬಂತು: "ಸಿ4, ಕ್ಯಾನ್ಸರ್ ಅನುಮಾನ, ಕೋರ್ ಬಯಾಪ್ಸಿಗೆ ಸಲಹೆ". ಈಗ ಮೈಸೂರಿಗೆ ಹೋಗಿ ಇನ್ನೊಂದು ದಪ್ಪ ಸೂಜಿ ಹಾಕಿಸಬೇಕಂತೆ, ರಿಪೋರ್ಟಿಗೆ ವಾರ ಹಿಡಿಯುತ್ತದಂತೆ. ಪದೇ ಪದೇ ಚುಚ್ಚಿದರೆ ಹರಡುತ್ತದೆ, ಗಂಟನ್ನೇ ತೆಗೆಸಿಬಿಡಿ ಅಂತ ದೊಡ್ಡಪ್ಪ ಹಠ ಹಿಡಿದಿದ್ದಾರೆ. ಅಮ್ಮನಿಗೆ ಎಂಟು ತಿಂಗಳ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ, ರಕ್ತ ತೆಳುವಾಗಿಸುವ ಎರಡು ಮಾತ್ರೆ ನಡೆಯುತ್ತಿದೆ. ಅದನ್ನು ನಿಲ್ಲಿಸಬೇಕಾ? ಬೇಗ ಗೊತ್ತಾಗುವ ದಾರಿ ಯಾವುದು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಆತಂಕಗಳಿವೆ. ಮತ್ತೆ ಚುಚ್ಚಿದರೆ ಕಾಯಿಲೆ ಹರಡೀತು ಎನ್ನುವುದು ಒಂದು. ಸ್ಟೆಂಟ್ ಮಾತ್ರೆ ನುಂಗುತ್ತಿರುವಾಗ ರಕ್ತ ನಿಲ್ಲದೇ ಹೋದೀತು ಎನ್ನುವುದು ಇನ್ನೊಂದು. ಒಂದೇ ದಿನದಲ್ಲಿ ರಿಪೋರ್ಟ್ ಕೊಡುವ ಪರೀಕ್ಷೆ ಇರುವಾಗ ವಾರಗಟ್ಟಲೆ ಯಾಕೆ ಕಾಯಬೇಕು ಎನ್ನುವುದು ಮೂರನೆಯದು. ಮೊದಲೇ ಹೇಳಿಬಿಡುತ್ತೇನೆ: ನಿಮ್ಮ ತಾಯಿಗೆ ಈಗ ಬೇಕಿರುವುದು ಕೋರ್ ಬಯಾಪ್ಸಿಯೇ. ಎಫ್‌ಎನ್‌ಎಸಿ ಮಾಡಿಸಿದ್ದು ದಂಡವಾಗಲಿಲ್ಲ, ಮಾಡಿದವರು ಕೆಲಸ ಕೆಡಿಸಲೂ ಇಲ್ಲ. ಆ ಸಣ್ಣ ಸೂಜಿ ಹೇಳಬಹುದಾದಷ್ಟನ್ನು ಹೇಳಿದೆ. ಚಿಕಿತ್ಸೆ ಶುರು ಮಾಡಲು ಗೊತ್ತಾಗಬೇಕಾದ ಸಂಗತಿಗಳು ಇನ್ನೂ ಉಳಿದಿವೆ.

ಎಫ್‌ಎನ್‌ಎಸಿಗೆ ಬಳಸುವುದು 22ರಿಂದ 25 ಗೇಜಿನ ಸೂಜಿ. ಗೇಜ್ ಸಂಖ್ಯೆ ಹೆಚ್ಚಾದಷ್ಟೂ ಸೂಜಿ ಸಣ್ಣ. ಕೈಯಿಂದ ರಕ್ತ ತೆಗೆಯುವ ಸೂಜಿಗಿಂತ ದಪ್ಪವಿಲ್ಲ. ಅದನ್ನು 10 ಅಥವಾ 20 ಎಂ.ಎಲ್. ಸಿರಿಂಜಿಗೆ ಸಿಕ್ಕಿಸಿ, ಗಂಟಿನೊಳಗೆ ಹಿಂದೆ ಮುಂದೆ ಆಡಿಸಿ, ಪಿಸ್ಟನ್ನಿನ ಎಳೆತ ಬಿಟ್ಟ ಮೇಲೆ ಹೊರತೆಗೆಯುತ್ತಾರೆ. ಎಳೆತ ಬಿಡದೆ ಹೊರತೆಗೆದರೆ ಬಂದದ್ದೆಲ್ಲ ಸಿರಿಂಜಿನ ಒಳಗೋಡೆಗೆ ಚಿಮ್ಮಿ ಅಲ್ಲೇ ಒಣಗುತ್ತದೆ. ಎರಡು ಮೂರು ಸಲ ಹೀಗೆ ಮಾಡಿ, ಸೂಜಿಯ ಬುಡದಲ್ಲಿ ಕೂತ ಹನಿಯನ್ನು ಗಾಜಿನ ಸ್ಲೈಡ್ ಮೇಲೆ ಸವರುತ್ತಾರೆ. ಅದರಲ್ಲಿ ನಮಗೆ ಸಿಗುವುದು ಬಿಡಿ ಜೀವಕೋಶಗಳು ಮತ್ತು ಅವುಗಳ ಚಿಕ್ಕ ಗುಂಪುಗಳು. ಕೋರ್ ಬಯಾಪ್ಸಿಯದು 14 ಗೇಜಿನ ಸೂಜಿ, ಎರಡು ಪದರದ್ದು. ಒಳಸೂಜಿಯ ತುದಿಯ ಹತ್ತಿರ ಸುಮಾರು ಎರಡು ಸೆಂಟಿಮೀಟರ್ ಉದ್ದದ ಒಂದು ತೋಡು ಇರುತ್ತದೆ. ಸ್ಪ್ರಿಂಗ್ ಬಿಟ್ಟ ಕೂಡಲೇ ಒಳಸೂಜಿ ಮುಂದೆ ಹೋಗುತ್ತದೆ, ಹೊರಕೊಳವೆ ಅದರ ಮೇಲೆ ಹಾಯ್ದು ತೋಡಿನೊಳಗಿನ ಮಾಂಸವನ್ನು ಕತ್ತರಿಸಿ ಹಿಡಿದುಕೊಳ್ಳುತ್ತದೆ. ಹೊರಬರುವುದು ದಾರದಂಥ ಒಂದು ಎಳೆ. ಆ ಎಳೆಯಲ್ಲಿ ಜೀವಕೋಶಗಳು ತಮ್ಮ ತಮ್ಮ ಜಾಗದಲ್ಲೇ ಇರುತ್ತವೆ.

ವ್ಯತ್ಯಾಸವೆಲ್ಲ ಇರುವುದು ಇಲ್ಲೇ. ಕಣದಲ್ಲಿ ಒಣಹಾಕಿದ ಬೀಜ ನೋಡಿ ಅರೇಬಿಕವೋ ರೊಬಸ್ಟವೋ ಹೇಳಬಹುದು. ಆ ಗಿಡದ ಬೇರು ಪಕ್ಕದ ತೋಟದ ಬೇಲಿ ದಾಟಿತ್ತೋ ಇಲ್ಲವೋ ಹೇಳಲಾಗದು. ಸ್ತನದ ಹಾಲಿನ ನಾಳದೊಳಗೇ ಕೂತ ಕ್ಯಾನ್ಸರಿಗೂ ನಾಳದ ಗೋಡೆ ಒಡೆದು ಹೊರಗೆ ನುಗ್ಗಿದ ಕ್ಯಾನ್ಸರಿಗೂ ಬಿಡಿ ಜೀವಕೋಶಗಳ ರೂಪ ಒಂದೇ ಥರ ಇರಬಹುದು. ಚಿಕಿತ್ಸೆ ಮಾತ್ರ ಬೇರೆ ಬೇರೆ. ಬೇಲಿ ದಾಟಿದೆಯೇ ಎಂಬುದನ್ನು ಕೋರ್ ತೋರಿಸುತ್ತದೆ, ಎಫ್‌ಎನ್‌ಎಸಿ ತೋರಿಸಲಾರದು.

ಇನ್ನು ರಿಪೋರ್ಟಿನಲ್ಲಿರುವ ಸಿ4. ಸ್ತನದ ಎಫ್‌ಎನ್‌ಎಸಿ ಫಲಿತಾಂಶವನ್ನು ಐದು ಮೆಟ್ಟಿಲಲ್ಲಿ ಬರೆಯುತ್ತೇವೆ. ಸಿ1 ಅಂದರೆ ಸ್ಯಾಂಪಲ್ ಸಾಲದು, ಸಿ2 ನಿರಪಾಯದ ಗಂಟು, ಸಿ3 ಸ್ವಲ್ಪ ಅಸಹಜ, ಸಿ4 ಕ್ಯಾನ್ಸರ್ ಅನುಮಾನ, ಸಿ5 ಕ್ಯಾನ್ಸರ್. ಕೆಟ್ಟ ರೂಪದ ಜೀವಕೋಶ ಕಂಡರೂ ಅವು ಎಣಿಸುವಷ್ಟೇ ಇದ್ದಾಗ, ರಕ್ತದಲ್ಲಿ ಕಲಸಿಹೋದಾಗ, ಸವರುವಾಗ ಜಜ್ಜಿಹೋದಾಗ ಸಿ4 ಎಂದು ಬರೆಯಬೇಕಾಗುತ್ತದೆ. ಅದು ಪ್ರಾಮಾಣಿಕ ರಿಪೋರ್ಟ್. ಸಿ4 ಒಂದನ್ನೇ ನಂಬಿ ಸ್ತನ ತೆಗೆಯುವುದಾಗಲಿ ಕೀಮೋ ಕೊಡುವುದಾಗಲಿ ಸರಿಯಲ್ಲ. ಸುಮ್ಮನೆ ಬಿಡುವುದಂತೂ ಸಲ್ಲದು, ಏಕೆಂದರೆ ಬೈ-ರಾಡ್ಸ್ 4ಸಿ ಎಂದರೆ ಕ್ಯಾನ್ಸರ್ ಇರುವ ಸಾಧ್ಯತೆ ಶೇ. 50ಕ್ಕಿಂತ ಹೆಚ್ಚು, 95ಕ್ಕಿಂತ ಕಡಿಮೆ. ಸ್ಕ್ಯಾನ್, ಸೂಜಿ ಎರಡೂ ಒಂದೇ ಕಡೆ ಬೆರಳು ತೋರಿಸುತ್ತಿವೆ.

ಕೋರ್ ಎಳೆಯಿಂದ ಮುಖ್ಯವಾಗಿ ತಿಳಿಯುವುದು ಕ್ಯಾನ್ಸರಿನ ಬಗೆ, ಗ್ರೇಡ್ (ಅದು ಎಷ್ಟು ಉಗ್ರ ಎಂಬುದು), ಜೊತೆಗೆ ಕ್ಯಾನ್ಸರ್ ಜೀವಕೋಶದ ಮೇಲೆ ನೋಡುವ ಇಆರ್, ಪಿಆರ್ (ಎರಡೂ ಹಾರ್ಮೋನಿನ ಗುರುತು), ಹರ್-2 (ಒಂದು ಪ್ರೋಟೀನ್) ಎಂಬ ಮೂರು ಗುರುತುಗಳು. ಚಿಕಿತ್ಸೆಯ ಕ್ರಮ ನಿಂತಿರುವುದೇ ಈ ಮೂರರ ಮೇಲೆ. ಇಆರ್ ಇದ್ದರೆ ಹಾರ್ಮೋನ್ ಮಾತ್ರೆ ಕೆಲಸ ಮಾಡುತ್ತದೆ. ಹರ್-2 ಇದ್ದರೆ, ಅಥವಾ ಮೂರೂ ಇಲ್ಲದಿದ್ದರೆ, ಎರಡು ಸೆಂಟಿಮೀಟರ್ ಮೀರಿದ ಗಂಟಿಗೆ ಮೊದಲು ಔಷಧ, ಆಮೇಲೆ ಆಪರೇಷನ್ ಎಂಬ ಕ್ರಮವನ್ನೇ ಬಹಳ ಸಲ ಆಯ್ದುಕೊಳ್ಳುತ್ತಾರೆ. ಗಂಟು ಔಷಧಕ್ಕೆ ಕರಗುತ್ತಿದೆಯೇ ಎಂದು ಕಣ್ಣಾರೆ ನೋಡಬಹುದು, ಮುಂದಿನ ಔಷಧವನ್ನು ಅದಕ್ಕೆ ತಕ್ಕಂತೆ ಬದಲಿಸಬಹುದು. ದೊಡ್ಡಪ್ಪನವರು ಹೇಳಿದಂತೆ ಗಂಟನ್ನೇ ಮೊದಲು ತೆಗೆಸಿಬಿಟ್ಟರೆ ಈ ಅವಕಾಶ ಹೋಗುತ್ತದೆ. ರೋಗ ಯಾವುದೆಂದು ಖಚಿತವಿಲ್ಲದೆ ತೆಗೆದ ಗಂಟಿನ ಅಂಚಿನಲ್ಲಿ ಕಾಯಿಲೆ ಉಳಿದಿರುವುದೂ ಸಾಮಾನ್ಯ, ಆಗ ಎರಡನೇ ಆಪರೇಷನ್ ಬೇಕಾಗುತ್ತದೆ. ನಿಮ್ಮ ತಾಯಿಯ ವಿಷಯದಲ್ಲಿ ಇನ್ನೂ ಒಂದಿದೆ: ಸ್ಟೆಂಟ್ ಹಾಕಿ ಎಂಟೇ ತಿಂಗಳಾಗಿರುವಾಗ ಸೂಜಿ ಸುಲಭ, ಕತ್ತಿ ಕಷ್ಟ. ಅದಕ್ಕೆ ಮುಂದೆ ಬರುತ್ತೇನೆ.

ಚುಚ್ಚಿದರೆ ಹರಡುತ್ತದೆ ಎಂಬ ಮಾತು ನಮ್ಮ ಕಡೆ ಮನೆ ಮನೆಯಲ್ಲೂ ಇದೆ. ಅದು ಹುಟ್ಟಿದ್ದಕ್ಕೆ ಕಾರಣವೂ ಇದೆ. ಗಂಟು ದೊಡ್ಡದಾಗುವವರೆಗೆ ಕಾದು, ಕಂಕುಳಿಗೋ ಶ್ವಾಸಕೋಶಕ್ಕೋ ಹರಡಿದ ಮೇಲೆ ಬಂದವರಿಗೂ ಮೊದಲ ಪರೀಕ್ಷೆ ಸೂಜಿಯದೇ. ಮೂರ್ನಾಲ್ಕು ತಿಂಗಳಲ್ಲಿ ಆರೋಗ್ಯ ಕುಸಿದಾಗ ಮನೆಯವರ ನೆನಪಿನಲ್ಲಿ ಉಳಿಯುವುದು ಸೂಜಿ. ಚುಚ್ಚಿದ ಜಾಗದಲ್ಲಿ ರಕ್ತ ಕಟ್ಟಿ ಗಂಟು ಎರಡು ದಿನದಲ್ಲಿ ದಪ್ಪಗಾದಂತೆ ಕಾಣುವುದೂ ಈ ನಂಬಿಕೆಗೆ ಬಲ ಕೊಡುತ್ತದೆ. ಅದು ಕ್ಯಾನ್ಸರ್ ಬೆಳೆದದ್ದಲ್ಲ, ಒಂದೆರಡು ವಾರದಲ್ಲಿ ಇಳಿಯುತ್ತದೆ.

ಹಾಗಂತ ಆ ಮಾತಿನಲ್ಲಿ ಎಳ್ಳಷ್ಟೂ ಹುರುಳಿಲ್ಲ ಎಂದರೆ ತಪ್ಪಾಗುತ್ತದೆ. ಸೂಜಿ ಹೋದ ದಾರಿಯಲ್ಲಿ ಕೆಲವು ಕ್ಯಾನ್ಸರ್ ಜೀವಕೋಶಗಳು ಜಾರಿ ಬಿದ್ದಿರುವುದು ಮೈಕ್ರೋಸ್ಕೋಪಿನಡಿ ಕಂಡದ್ದಿದೆ. ಸ್ತನದಲ್ಲಿ ಅವು ಬಹುಪಾಲು ಅಲ್ಲೇ ಸಾಯುತ್ತವೆ. ಬಯಾಪ್ಸಿಗೂ ಆಪರೇಷನ್ನಿಗೂ ನಡುವೆ ದಿನ ಕಳೆದಷ್ಟೂ ಅವು ಕಾಣುವುದು ಕಡಿಮೆ. ಉಳಿದರೂ ಆಪರೇಷನ್, ರೇಡಿಯೇಷನ್ ಆ ಜಾಗವನ್ನು ಒಳಗೊಳ್ಳುತ್ತವೆ. ಹೀಗಾಗಿ ಸ್ತನದ ಗಂಟಿಗೆ ಸೂಜಿ ಹಾಕಲು ಈ ಭಯ ಅಡ್ಡ ಬರಬೇಕಿಲ್ಲ.

ಬೇರೆ ಕೆಲವು ಕಡೆ ಮಾತ್ರ ಹುಷಾರಾಗಿರಲೇಬೇಕು. ವೃಷಣದ ಗಂಟಿಗೆ ಚೀಲದ ಚರ್ಮದ ಮೂಲಕ ಸೂಜಿ ಹಾಕುವುದಿಲ್ಲ. ಅಂಡಾಶಯಕ್ಕೇ ಸೀಮಿತವಾಗಿರುವಂತೆ ಕಾಣುವ ಗಡ್ಡೆಯನ್ನು ಚುಚ್ಚಿ ನೀರು ತೆಗೆಯಬಾರದು. ಸಿರೋಸಿಸ್ ಇರುವವರ ಲಿವರಿನ ಗಡ್ಡೆಯನ್ನು ಮೂರು ಹಂತದ ಸಿ.ಟಿ. ಅಥವಾ ಎಂ.ಆರ್.ಐ. ಸ್ಪಷ್ಟವಾಗಿ ತೋರಿಸಿದರೆ ಸೂಜಿಯ ಅಗತ್ಯವೇ ಇರುವುದಿಲ್ಲ. ಮೂಳೆಯ ಸಾರ್ಕೋಮಾ (ಮೂಳೆಯಲ್ಲೇ ಹುಟ್ಟುವ ಕ್ಯಾನ್ಸರ್) ಅನುಮಾನವಿದ್ದರೆ ಮುಂದೆ ಆಪರೇಷನ್ ಮಾಡುವ ಸರ್ಜನ್ನೇ ಸೂಜಿಯ ದಾರಿ ನಿರ್ಧರಿಸಬೇಕು, ಏಕೆಂದರೆ ಆ ದಾರಿಯನ್ನೂ ಗಡ್ಡೆಯ ಜೊತೆಗೇ ಕತ್ತರಿಸಿ ತೆಗೆಯಬೇಕಾಗುತ್ತದೆ.

ಈಗ ಮಾತ್ರೆಯ ವಿಷಯ. ಸ್ಟೆಂಟ್ ಹಾಕಿದ ಮೇಲೆ ಕೊಡುವ ಎರಡು ಮಾತ್ರೆ ಸಾಮಾನ್ಯವಾಗಿ ಆಸ್ಪಿರಿನ್ ಮತ್ತು ಕ್ಲೋಪಿಡೋಗ್ರೆಲ್, ಅಥವಾ ಅದೇ ಜಾತಿಯ ಇನ್ನೊಂದು. ಇವನ್ನು ನೀವಾಗಿಯೇ ಒಂದು ದಿನವೂ ನಿಲ್ಲಿಸಬೇಡಿ. ನಿಲ್ಲಿಸಿದರೆ ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗುವ ಅಪಾಯವಿದೆ. ನಿಲ್ಲಿಸದಿದ್ದರೆ ಸ್ತನದಲ್ಲಿ ಆಗುವುದು ಸ್ವಲ್ಪ ಹೆಚ್ಚು ನೀಲಿಗಟ್ಟುವಿಕೆ. ಸ್ತನ, ಥೈರಾಯ್ಡ್, ಕುತ್ತಿಗೆಯ ಗ್ರಂಥಿಗಳು ಚರ್ಮದ ಹತ್ತಿರವಿವೆ, ರಕ್ತ ಬಂದರೆ ಬೆರಳಲ್ಲಿ ಒತ್ತಿ ನಿಲ್ಲಿಸಬಹುದು. ಹಾಗಾಗಿ ಇಲ್ಲಿ ಮಾತ್ರೆ ನಡೆಯುತ್ತಿರುವಾಗಲೇ ಬಯಾಪ್ಸಿ ಮಾಡುವುದು ರೂಢಿ, ಒತ್ತಿ ಹಿಡಿಯುವ ಸಮಯ ಮಾತ್ರ ಹೆಚ್ಚು ಬೇಕು. ಲಿವರ್, ಕಿಡ್ನಿಯಂಥ ಆಳದ ಜಾಗಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಪ್ಲೇಟ್‌ಲೆಟ್ 50,000ಕ್ಕಿಂತ ಮೇಲಿರಬೇಕು, ಕ್ಲೋಪಿಡೋಗ್ರೆಲನ್ನು ಸಾಮಾನ್ಯವಾಗಿ ಐದು ದಿನ ಮೊದಲು ನಿಲ್ಲಿಸುತ್ತಾರೆ, ಅದೂ ಹೃದಯದ ಡಾಕ್ಟರು ಒಪ್ಪಿದರೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸಿಟ್ರಾಮ್ ತೆಗೆದುಕೊಳ್ಳುವವರು ಐ.ಎನ್.ಆರ್. (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ರಿಪೋರ್ಟ್ ತರಬೇಕು. ನಿಮ್ಮ ತಾಯಿಗೆ ಮುಂದೆ ಆಪರೇಷನ್ ಬೇಕಾದಾಗ ಯಾವ ಮಾತ್ರೆ ಯಾವಾಗ ಬಿಡಬೇಕೆಂಬುದನ್ನು ಹೃದಯದ ಡಾಕ್ಟರು ಮತ್ತು ಸರ್ಜನ್ ಕೂತು ಮಾತಾಡಬೇಕು. ಆ ಮಾತುಕತೆಗೆ ಸಮಯ ಸಿಗುವುದೂ ಸೂಜಿಯಿಂದ ಮೊದಲು ರೋಗ ಖಚಿತವಾದರೆ ಮಾತ್ರ.

ನಿಮ್ಮ ಮುಖ್ಯ ಪ್ರಶ್ನೆ ಬೇಗದ್ದು. ಕೋರ್ ತೆಗೆಯಲು ಬೇಕಾದದ್ದು ಇಪ್ಪತ್ತು ನಿಮಿಷ. ಸಮಯ ಹೋಗುವುದು ಆಮೇಲೆ. ಎಳೆಗಳು ಫಾರ್ಮಲಿನ್‌ನಲ್ಲಿ (ಮಾಂಸ ಕೊಳೆಯದಂತೆ ಇಡುವ ದ್ರವ) ಕನಿಷ್ಠ 6 ಗಂಟೆ ನೆನೆಯಬೇಕು, ರಾತ್ರಿಯಿಡೀ ಯಂತ್ರದಲ್ಲಿ ಸಂಸ್ಕರಣೆಯಾಗಿ ಮೇಣದ ಬ್ಲಾಕ್ ಆಗಬೇಕು, ಅದನ್ನು ತೆಳುವಾಗಿ ಕೊಯ್ದು ಬಣ್ಣ ಹಾಕಬೇಕು. ಎಲ್ಲ ಒಂದೇ ಕಟ್ಟಡದಲ್ಲಿದ್ದರೆ ಎರಡು ಮೂರು ಕೆಲಸದ ದಿನದಲ್ಲಿ "ಕ್ಯಾನ್ಸರ್ ಹೌದೋ ಅಲ್ಲವೋ" ಗೊತ್ತಾಗುತ್ತದೆ. ಇಆರ್, ಪಿಆರ್, ಹರ್-2ಗೆ ಇನ್ನೂ ಕೆಲವು ದಿನ. ಹರ್-2 ಫಲಿತಾಂಶ "2+" ಎಂದು ನಡುವೆ ನಿಂತರೆ ಫಿಶ್ ಎಂಬ ಇನ್ನೊಂದು ಪರೀಕ್ಷೆ ಮಾಡಬೇಕು, ಅದಕ್ಕೆ ಮತ್ತಷ್ಟು ದಿನ. ವಾರ ಎಂದು ಅವರು ಹೇಳಿದ್ದು ಈ ಲೆಕ್ಕದಲ್ಲಿ.

ಅಷ್ಟು ದಿನ ಕತ್ತಲಲ್ಲಿ ಕೂರಬೇಕಿಲ್ಲ, ಅದೇ ದಿನ ಒಂದು ಅಂದಾಜು ಪಡೆಯುವ ದಾರಿ ಇದೆ. ಅದಕ್ಕೆ ಇಂಪ್ರಿಂಟ್ ಸೈಟಾಲಜಿ ಎನ್ನುತ್ತಾರೆ. ತೆಗೆದ ಎಳೆಗಳಲ್ಲಿ ಒಂದನ್ನು ಸ್ಲೈಡ್ ಮೇಲೆ ಮೆಲ್ಲಗೆ ಉರುಳಿಸಿ, ಗಾಜಿಗೆ ಅಂಟಿದ ಜೀವಕೋಶಗಳಿಗೆ ತಕ್ಷಣದ ಬಣ್ಣ ಹಾಕಿ ನೋಡುವುದು. ಹತ್ತು ಹದಿನೈದು ನಿಮಿಷದಲ್ಲಿ ಸ್ಯಾಂಪಲ್ ಸಾಕೋ ಸಾಲದೋ, ಕ್ಯಾನ್ಸರ್ ಜೀವಕೋಶ ಕಾಣುತ್ತಿದೆಯೋ ಎನ್ನಬಹುದು. ಸಾಲದಿದ್ದರೆ ತಾಯಿಯವರು ಮೇಜಿನ ಮೇಲಿರುವಾಗಲೇ ಇನ್ನೊಂದು ಎಳೆ ತೆಗೆಯಬಹುದು, ಮತ್ತೊಮ್ಮೆ ಊರಿಂದ ಬರುವುದು ತಪ್ಪುತ್ತದೆ. ಎಳೆಯನ್ನು ಒತ್ತಿ ಉಜ್ಜಿದರೆ ಮಾತ್ರ ಜೀವಕೋಶಗಳೆಲ್ಲ ಗಾಜಿಗೆ ಹೋಗಿ ಎಳೆ ಬರಿದಾಗುತ್ತದೆ. ಅದಕ್ಕೇ ಒಂದೇ ಎಳೆ ಇಂಪ್ರಿಂಟಿಗೆ, ಉಳಿದವು ನೇರ ಫಾರ್ಮಲಿನ್‌ಗೆ ಎಂಬ ಕ್ರಮವನ್ನು ನಾನು ಒತ್ತಾಯಿಸುತ್ತೇನೆ. ಅಲ್ಟ್ರಾಸೌಂಡಿನಲ್ಲಿ ಕಂಕುಳಿನ ಗ್ರಂಥಿ ಅನುಮಾನಾಸ್ಪದವಾಗಿ ಕಂಡರೆ ಅದೇ ಹೊತ್ತಿಗೆ ಅದಕ್ಕೆ ಎಫ್‌ಎನ್‌ಎಸಿ ಮಾಡಿಸಿ. ಅಲ್ಲಿ "ಕ್ಯಾನ್ಸರ್ ತಲುಪಿದೆಯೇ" ಎಂಬುದೊಂದೇ ಪ್ರಶ್ನೆಯಾದ್ದರಿಂದ ಸಣ್ಣ ಸೂಜಿ ಸಾಕಾಗುತ್ತದೆ.

ಮೈಸೂರಿಗೇ ಹೋಗಬೇಕೆಂದೂ ಇಲ್ಲ. ಮಡಿಕೇರಿಯಲ್ಲಿ 2016ರಲ್ಲಿ ಶುರುವಾದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ನಿಮ್ಮೂರಿಗೆ ಹಾಸನವೂ ದೂರವಲ್ಲ, ಅಲ್ಲೂ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಹೊರಡುವ ಮೊದಲು ಫೋನ್ ಮಾಡಿ: ಅಲ್ಟ್ರಾಸೌಂಡ್ ನೋಡುತ್ತ 14 ಗೇಜಿನ ಕೋರ್ ಯಾವ ದಿನ ಮಾಡುತ್ತಾರೆ, ಇಂಪ್ರಿಂಟ್ ನೋಡುತ್ತಾರಾ, ಇಆರ್-ಪಿಆರ್-ಹರ್-2 ಅಲ್ಲೇ ಆಗುತ್ತದಾ, ಹೊರಗೆ ಕಳಿಸುತ್ತಾರಾ ಎಂದು ಕೇಳಿ. ಹತ್ತಿರದಲ್ಲಿ ಕೋರ್ ತೆಗೆದು ಸ್ಯಾಂಪಲ್ ಮಾತ್ರ ದೊಡ್ಡ ಲ್ಯಾಬಿಗೆ ಕಳಿಸುವುದೂ ಒಳ್ಳೆಯ ದಾರಿಯೇ, ಡಬ್ಬಿ ಸರಿಯಿದ್ದರೆ.

ಆ ಡಬ್ಬಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ದೂರದೂರಿನ ಸ್ಯಾಂಪಲ್‌ಗಳು ಕೆಡುವುದು ಅಲ್ಲೇ. ಅಗಲ ಬಾಯಿಯ, ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಬೇಕು. ಅದರಲ್ಲಿ 10 ಶೇ. ಬಫರ್ಡ್ ಫಾರ್ಮಲಿನ್, ಮಾಂಸದ ಹತ್ತು ಪಟ್ಟಾದರೂ ಇರಬೇಕು. ನಾಲ್ಕೈದು ಎಳೆಗೆ 20ರಿಂದ 30 ಎಂ.ಎಲ್. ಧಾರಾಳ. ಫಾರ್ಮಲಿನ್ ಸಿಗಲಿಲ್ಲವೆಂದು ಸಲೈನಿನಲ್ಲಿ ಹಾಕಿ ಕಳಿಸಿದ ಎಳೆ ದಾರಿಯಲ್ಲೇ ಕೊಳೆಯಲು ಶುರುವಾಗುತ್ತದೆ. ಒಣ ಗಾಜ್ ಬಟ್ಟೆಯ ಮೇಲಿಟ್ಟರೆ ಅಂಟಿಕೊಂಡು ಚೂರಾಗುತ್ತದೆ. ಎಳೆ ತೆಗೆದದ್ದಕ್ಕೂ ಫಾರ್ಮಲಿನ್‌ಗೆ ಬಿದ್ದದ್ದಕ್ಕೂ ನಡುವೆ ಒಂದು ಗಂಟೆ ಮೀರಬಾರದು. ಬೀಳಿಸಿದ ಸಮಯವನ್ನು ಚೀಟಿಯಲ್ಲಿ ಬರೆಯಬೇಕು. 6 ಗಂಟೆಗಿಂತ ಕಡಿಮೆ ಅಥವಾ 72 ಗಂಟೆಗಿಂತ ಹೆಚ್ಚು ನೆನೆದರೆ ಇಆರ್, ಹರ್-2 ಫಲಿತಾಂಶ ನಂಬಲಾಗುವುದಿಲ್ಲ. ಇರುವ ಕ್ಯಾನ್ಸರ್ ಗುರುತು "ಇಲ್ಲ" ಎಂದು ಬಂದರೆ ತಾಯಿಗೆ ಸಿಗಬೇಕಾದ ಔಷಧವೇ ತಪ್ಪಿಹೋಗುತ್ತದೆ. ಶನಿವಾರ ತೆಗೆದ ಎಳೆ ಸೋಮವಾರ ಲ್ಯಾಬ್ ಸೇರಿದರೆ ತೊಂದರೆಯಿಲ್ಲ, ಬುಧವಾರ ಸೇರಿದರೆ ತೊಂದರೆ. ಹೆಸರು, ವಯಸ್ಸು, ಬಲವೋ ಎಡವೋ ಎಂಬುದನ್ನು ಡಬ್ಬಿಯ ಮೈಮೇಲೆ ಬರೆಯಬೇಕು. ಮುಚ್ಚಳದ ಮೇಲೆ ಬರೆದರೆ ಮುಚ್ಚಳ ಅದಲುಬದಲಾದ ದಿನ ರೋಗಿಯೂ ಅದಲುಬದಲು.

ನಮ್ಮ ಕೊಡಗು ಜಿಲ್ಲೆಯ ಹವೆಯದ್ದೂ ಒಂದು ತಕರಾರಿದೆ. ಎಫ್‌ಎನ್‌ಎಸಿ ಸ್ಲೈಡುಗಳನ್ನು ಎರಡು ರೀತಿ ಉಳಿಸುತ್ತೇವೆ. ಕೆಲವನ್ನು ಹಸಿಯಿರುವಾಗಲೇ 95 ಶೇ. ಆಲ್ಕೋಹಾಲಿನಲ್ಲಿ ಅದ್ದುತ್ತೇವೆ, ಕೆಲವನ್ನು ಗಾಳಿಯಲ್ಲಿ ಒಣಗಿಸುತ್ತೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗಾಳಿಯೇ ಒದ್ದೆ. ಸ್ಲೈಡ್ ನಿಧಾನವಾಗಿ ಒಣಗಿದಷ್ಟೂ ಜೀವಕೋಶಗಳು ಮುದುಡಿ, ನ್ಯೂಕ್ಲಿಯಸ್ ಮಸುಕಾಗಿ, ನೋಡುವವರು "ಸಾಲದು" ಎಂದು ಬರೆಯಬೇಕಾಗುತ್ತದೆ. ಫ್ಯಾನ್ ಕೆಳಗೆ ಅಥವಾ ಹೇರ್ ಡ್ರೈಯರಿನ ತಣ್ಣನೆ ಗಾಳಿಯಲ್ಲಿ ಕೂಡಲೇ ಒಣಗಿಸಿದರೆ ಈ ಸಮಸ್ಯೆ ಇಲ್ಲ. ಇನ್ನೊಂದು, ಒಣಗಿಸಿದ ಸ್ಲೈಡನ್ನೂ ಫಾರ್ಮಲಿನ್ ಡಬ್ಬಿಯನ್ನೂ ಒಂದೇ ಚೀಲದಲ್ಲಿ ಕಳಿಸಬಾರದು. ಮುಚ್ಚಳ ಬಿಗಿಯಿದ್ದರೂ ಹೊರಬೀಳುವ ಆವಿ ಸ್ಲೈಡಿನ ಬಣ್ಣ ಹಿಡಿಯುವ ಗುಣವನ್ನು ಕೆಡಿಸುತ್ತದೆ. ಕೋರ್ ಎಳೆಗೆ ಹವೆಯ ಈ ಕಾಟವಿಲ್ಲ. ಮಳೆಯಿಂದ ರಸ್ತೆ ಒಂದು ದಿನ ಬಂದಾದರೂ 72 ಗಂಟೆಯ ಒಳಗೆ ತಲುಪಿದರೆ ಸಾಕು.

ಬಯಾಪ್ಸಿಯ ದಿನ ಹೀಗೆ ನಡೆಯುತ್ತದೆ. ತಿಂಡಿ ತಿಂದೇ ಹೋಗಬಹುದು. ಜಾಗ ಮರಗಟ್ಟಿಸುವ ಲಿಗ್ನೋಕೇನ್ ಚುಚ್ಚುವಾಗ ಕೆಲವು ಸೆಕೆಂಡ್ ಉರಿಯುತ್ತದೆ, ಆಮೇಲೆ ಒತ್ತಡ ಮಾತ್ರ ತಿಳಿಯುತ್ತದೆ. ಎರಡು ಮೂರು ಮಿಲಿಮೀಟರಿನ ಗಾಯ ಮಾಡುತ್ತಾರೆ, ಹೊಲಿಗೆ ಬೇಕಿಲ್ಲ. ಗನ್ ಬಿಡುವಾಗ ಠಕ್ ಎಂಬ ಜೋರು ಸದ್ದಾಗುತ್ತದೆ. ಆ ಸದ್ದನ್ನು ತಾಯಿಯವರಿಗೆ ಮೊದಲೇ ಒಮ್ಮೆ ಕೇಳಿಸಿಬಿಡಲು ಹೇಳಿ, ಇಲ್ಲದಿದ್ದರೆ ಬೆಚ್ಚಿ ಅಲುಗಾಡಿ ಸೂಜಿ ಗುರಿ ತಪ್ಪುತ್ತದೆ. ಸ್ಕ್ಯಾನ್ ಪರದೆಯ ಮೇಲೆ ಸೂಜಿ ಎದೆಗೂಡಿಗೆ ಸಮಾನಾಂತರವಾಗಿ ಹೋಗಬೇಕು. ನೇರ ಕೆಳಗೆ ಗುರಿಯಿಟ್ಟರೆ ಶ್ವಾಸಕೋಶದ ಪೊರೆಗೆ ತಗಲುವ ಅಪಾಯವಿದೆ. ನಾಲ್ಕೈದು ಎಳೆ ತೆಗೆಯುತ್ತಾರೆ. ಫಾರ್ಮಲಿನ್‌ಗೆ ಬಿದ್ದ ಎಳೆ ಬಿಳಿಯಾಗಿದ್ದು ತಳಕ್ಕೆ ಮುಳುಗಿದರೆ ಸಾಮಾನ್ಯವಾಗಿ ಗಂಟಿನಿಂದಲೇ ಬಂದದ್ದು; ಹಳದಿಯಾಗಿ ತೇಲಿದರೆ ಬರೀ ಕೊಬ್ಬು, ಗಂಟು ತಪ್ಪಿದೆ ಎಂದರ್ಥ. ಆಮೇಲೆ ಅಂಗೈಯಿಂದ ಬಿಡದೆ ಹದಿನೈದು ನಿಮಿಷ ಒತ್ತಬೇಕು, ಮಾತ್ರೆ ನುಂಗುವ ನಿಮ್ಮ ತಾಯಿಗೆ ಇಪ್ಪತ್ತು. ನಡುನಡುವೆ ತೆಗೆದು ನೋಡಿದರೆ ಲೆಕ್ಕ ಮತ್ತೆ ಮೊದಲಿಂದ. ನೋವಿಗೆ ಪ್ಯಾರಸಿಟಮಾಲ್ ಸಾಕು, ಬ್ರುಫೆನ್ ಜಾತಿಯ ಮಾತ್ರೆ ಬೇಡ. ಎರಡು ದಿನ ಕೊಡ, ಮೂಟೆ ಎತ್ತುವುದು ಬೇಡ. ನೀಲಿಗಟ್ಟಿದ್ದು ಹಸಿರು, ಹಳದಿಯಾಗಿ ಮಾಯುತ್ತದೆ. ಗಂಟೆಗಂಟೆಗೂ ಊದುತ್ತ ಬಿಗಿಯಾದರೆ, ಜ್ವರ ಬಂದರೆ, ಕೀವಾದರೆ ಮಾತ್ರ ತಡಮಾಡದೆ ಹೋಗಬೇಕು.

ಕೋರ್ ರಿಪೋರ್ಟ್ "ಕ್ಯಾನ್ಸರ್ ಇಲ್ಲ" ಎಂದು ಬಂದರೆ? ಸಂತೋಷಪಟ್ಟು ಫೈಲ್ ಮುಚ್ಚಬೇಡಿ. 4ಸಿ ಸ್ಕ್ಯಾನ್, ಸಿ4 ಎಫ್‌ಎನ್‌ಎಸಿ ಇರುವಾಗ ಅಂಥ ರಿಪೋರ್ಟ್ ಹೊಂದಿಕೆಯಾಗುವುದಿಲ್ಲ. ಸೂಜಿ ಪಕ್ಕಕ್ಕೆ ಜಾರಿರುವ ಸಾಧ್ಯತೆಯೇ ಹೆಚ್ಚು. ಮತ್ತೆ ಕೋರ್ ಮಾಡಬೇಕು, ಆಗಲೂ ತೀರ್ಮಾನವಾಗದಿದ್ದರೆ ಗಂಟು ತೆಗೆದು ನೋಡಬೇಕು. ದೊಡ್ಡಪ್ಪನವರ ಸಲಹೆಗೆ ಜಾಗವಿರುವುದು ಆ ಹಂತದಲ್ಲಿ. ಕೈಗೆ ಸಿಗದೆ ಮ್ಯಾಮೊಗ್ರಾಮಿನಲ್ಲಿ ಸುಣ್ಣದ ಚುಕ್ಕಿಗಳು ಮಾತ್ರ ಕಾಣುವವರಿಗೆ 8ರಿಂದ 11 ಗೇಜಿನ ವ್ಯಾಕ್ಯೂಮ್ ಬಯಾಪ್ಸಿ ಇದೆ, ನಿಮಗೆ ಅದು ಬೇಕಿಲ್ಲ.

ಇದನ್ನು ಓದುವ ಬೇರೆಯವರಿಗಾಗಿ ಎರಡು ಮಾತು. ದಪ್ಪ ಸೂಜಿಯೇ ಎಲ್ಲ ಕಡೆ ಮೇಲು ಎಂದು ತಿಳಿಯಬೇಡಿ. ಥೈರಾಯ್ಡ್ ಗಂಟಿಗೆ ಮೊದಲ ಪರೀಕ್ಷೆ ಎಫ್‌ಎನ್‌ಎಸಿಯೇ, ಅದೂ 25 ಅಥವಾ 27 ಗೇಜಿನದು, ಸಿರಿಂಜಿನಲ್ಲಿ ಎಳೆಯದೆ ಮಾಡಿದರೆ ರಕ್ತ ಕಡಿಮೆ. ಎಲೆ-ಅಡಿಕೆ-ಹೊಗೆಸೊಪ್ಪು ಹಾಕುವವರ ಕುತ್ತಿಗೆಯಲ್ಲಿ ಗ್ರಂಥಿ ಊದಿದರೆ ಬಾಯಿ-ಗಂಟಲು ಪರೀಕ್ಷಿಸಿ ಎಫ್‌ಎನ್‌ಎಸಿ ಮಾಡಬೇಕು, ಕೊಯ್ದು ತೆಗೆಯುವುದು ಮೊದಲ ಹೆಜ್ಜೆಯಾಗಬಾರದು. ಕ್ಷಯದ ಗ್ರಂಥಿಯಲ್ಲಿ ಸಣ್ಣ ಸೂಜಿಯಿಂದ ಬಂದ ಕೀವನ್ನೇ ಕ್ಷಯದ ರೋಗಾಣು ಪತ್ತೆಹಚ್ಚುವ ಸಿಬಿನಾಟ್ ಪರೀಕ್ಷೆಗೂ ಕಳಿಸಬಹುದು, ಸರ್ಕಾರಿ ಕ್ಷಯ ಕಾರ್ಯಕ್ರಮದಲ್ಲಿ ಅದು ಉಚಿತ. ಲಿಂಫೋಮಾ (ದುಗ್ಧಗ್ರಂಥಿಗಳಲ್ಲೇ ಹುಟ್ಟುವ ಕ್ಯಾನ್ಸರ್) ಅನುಮಾನವಿದ್ದಲ್ಲಿ ಎರಡೂ ಸೂಜಿ ಸಾಲದೆ ಇಡೀ ಗ್ರಂಥಿಯೇ ಬೇಕಾಗಬಹುದು.

ನೀವು ಹೋಗುವಾಗ ಮ್ಯಾಮೊಗ್ರಾಮ್ ಫಿಲ್ಮ್, ಎಫ್‌ಎನ್‌ಎಸಿ ರಿಪೋರ್ಟ್ ಮಾತ್ರವಲ್ಲ ಅದರ ಸ್ಲೈಡುಗಳನ್ನೂ ಲ್ಯಾಬಿನಿಂದ ಕೇಳಿ ಪಡೆಯಿರಿ, ಜೊತೆಗೆ ಸ್ಟೆಂಟ್ ಹಾಕಿದ ದಿನಾಂಕವಿರುವ ಡಿಸ್ಚಾರ್ಜ್ ಸಮರಿ ಇರಲಿ. ಕೋರ್ ಆದ ಮೇಲೆ ಚಿಕಿತ್ಸೆಗೆ ಬೆಂಗಳೂರಿನ ಕಿದ್ವಾಯಿಗೋ ಬೇರೆಡೆಗೋ ಹೋಗುವುದಾದರೆ ಮೇಣದ ಬ್ಲಾಕನ್ನೂ ಸಹಿ ಹಾಕಿ ತೆಗೆದುಕೊಳ್ಳಿ. ಬ್ಲಾಕ್ ಇದ್ದರೆ ಅಲ್ಲಿ ಮತ್ತೆ ಚುಚ್ಚುವ ಪ್ರಮೇಯ ಬರುವುದು ಅಪರೂಪ. ಅದನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗಿಟ್ಟರೆ ಮೇಣ ಮೆತ್ತಗಾಗಿ ಕೆಡುತ್ತದೆ, ಕೈಚೀಲದಲ್ಲೇ ಇಟ್ಟುಕೊಳ್ಳಿ. ಒಂದೆರಡು ವಾರ ಹೆಚ್ಚು ಕಡಿಮೆಯಾದರೆ ಸಾಮಾನ್ಯವಾಗಿ ರೋಗದ ಹಂತ ಬದಲಾಗುವುದಿಲ್ಲ, ಆದರೆ ಮನೆಯ ಜಗಳದಲ್ಲಿ ಎರಡು ತಿಂಗಳು ಕಳೆಯುವುದು ಬೇಡ. ಈ ವಾರದಲ್ಲೇ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ.